ಮನೆ ಪತ್ರದಲ್ಲಿ ನಿಮ್ಮ ಹೆಸರಿದೆಯಾ? ಕೌಂಟಿ ಕಚೇರಿಯಲ್ಲಿ ಹುಡುಕುವುದು, ಸೇರಿಸುವುದು ಹೀಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾವು ಮನೆ ಕೊಂಡು ಒಂಬತ್ತು ವರ್ಷವಾಗಿತ್ತು. ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ್ದು ನಾನೇ. ಸಾಲದ ಕಂತಿಗೆ ಇಬ್ಬರ ಸಂಬಳವೂ ಹೋಗುತ್ತಿತ್ತು. ನಮ್ಮ ನಂತರ ಆಸ್ತಿ ಯಾರಿಗೆ ಅಂತ ಗೊತ್ತುಮಾಡುವ ಫ್ಯಾಮಿಲಿ ಟ್ರಸ್ಟ್ ಬರೆಸೋಣ ಅಂತ ವಕೀಲರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಡೀಡ್‌ನಲ್ಲಿ ಯಾರ ಹೆಸರಿದೆ?’ ಡೀಡ್ ಅಂದರೆ ಮನೆಯ ಹಕ್ಕಿನ ಪತ್ರ. ಇಬ್ಬರದೂ ಇದೆ ಅಂದೆ. ಕೌಂಟಿಯಿಂದ ಪ್ರತಿ ತರಿಸಿ ನೋಡಿದರೆ ನನ್ನ ಹೆಸರು ಇರಲೇ ಇಲ್ಲ.

ಆಗಿದ್ದು ಇಷ್ಟು. ಮನೆ ಕೊಳ್ಳುವಾಗ ನಾನು ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಆಧಾರದ ಮೇಲೆ ಇದ್ದೆ. ಕೆಲಸವಿರಲಿಲ್ಲ, ಕ್ರೆಡಿಟ್ ಸ್ಕೋರ್ ಇರಲಿಲ್ಲ. ಸಾಲ ಗಂಡನೊಬ್ಬನ ಹೆಸರಲ್ಲೇ ಆಯಿತು. ಕೊನೆಯ ದಿನ ಸಹಿ ಹಾಕಿದ ಕಾಗದದ ರಾಶಿಯಲ್ಲಿ ಒಂದು ಹಾಳೆ ‘ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಡೀಡ್’. ಈ ಮನೆಯಲ್ಲಿ ನನಗೆ ಹಕ್ಕಿಲ್ಲ, ಎಲ್ಲ ಗಂಡನದೇ ಅಂತ ಬರೆದುಕೊಡುವ ಪತ್ರ ಅದು. ಅದೇನೆಂದು ಯಾರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾದ ಮೇಲೆ ದುಡಿದು ಕೊಂಡದ್ದು ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಆದರೆ ಇಂಥ ಒಂದು ಸಹಿ ಆ ಲೆಕ್ಕವನ್ನೇ ಬದಲಿಸಬಹುದು. ನನ್ನ ಗೆಳತಿಯರಲ್ಲಿ ಇನ್ನೂ ಇಬ್ಬರದ್ದು ಇದೇ ಕಥೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸರಿಯಾದ ಕಚೇರಿ

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳಿವೆ, ಕ್ಯಾಲಿಫೋರ್ನಿಯಾದಲ್ಲಿ 58. ಮನೆ ಯಾವ ಕೌಂಟಿಯಲ್ಲಿದೆಯೋ ಅಲ್ಲಿಯೇ ಅದರ ಪತ್ರ ಇರುತ್ತದೆ. ನೀವು ಎಲ್ಲಿ ವಾಸವಿದ್ದೀರಿ ಅನ್ನುವುದು ಮುಖ್ಯವಲ್ಲ. ಸನ್ನಿವೇಲ್, ಕೂಪರ್ಟಿನೊ, ಸ್ಯಾನ್ ಹೋಸೆ ಆದರೆ ಸ್ಯಾಂಟಾ ಕ್ಲಾರಾ ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿ, ಅಂದರೆ ಪತ್ರಗಳನ್ನು ದಾಖಲಿಸಿ ಇಡುವ ಕಚೇರಿ. ಫ್ರೀಮಾಂಟ್ ಆದರೆ ಅಲಮೇಡಾ ಕೌಂಟಿ. ಬೇರೆ ರಾಜ್ಯಗಳಲ್ಲಿ ಕಚೇರಿಯ ಹೆಸರು ಬೇರೆ. ಟೆಕ್ಸಸ್‌ನಲ್ಲಿ ಕೌಂಟಿ ಕ್ಲರ್ಕ್ ಅನ್ನುತ್ತಾರೆ. ಕನೆಕ್ಟಿಕಟ್‌ನಲ್ಲಿ ಕೌಂಟಿ ಬಿಟ್ಟು ಊರಿನ ಟೌನ್ ಕ್ಲರ್ಕ್ ಹತ್ತಿರ ಹೋಗಬೇಕು.

ಅಸೆಸರ್ ಕೆಲಸ ಬೇರೆ, ರೆಕಾರ್ಡರ್ ಕೆಲಸ ಬೇರೆ. ಅಸೆಸರ್ ತೆರಿಗೆಗಾಗಿ ಮನೆಗೆ ಬೆಲೆ ಕಟ್ಟುವವರು. ತೆರಿಗೆ ಬಿಲ್ ನಿಮ್ಮ ಹೆಸರಿಗೆ ಬರುತ್ತದೆ ಅಂದ ಮಾತ್ರಕ್ಕೆ ಡೀಡ್‌ನಲ್ಲಿ ಹೆಸರಿದೆ ಅಂತಲ್ಲ. ಆದರೆ ಆ ಬಿಲ್ ಎತ್ತಿಟ್ಟುಕೊಳ್ಳಿ. ಅದರ ಮೇಲಿರುವ ಎಪಿಎನ್, ಅಂದರೆ ಪಾರ್ಸೆಲ್ ನಂಬರ್, ಮುಂದೆ ಬೇಕಾಗುತ್ತದೆ.

ಹುಡುಕುವುದು

ನಮ್ಮೂರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಇ.ಸಿ. ಅರ್ಜಿ ಕೊಟ್ಟರೆ ಇಂತಿಷ್ಟು ವರ್ಷದ ವಹಿವಾಟೆಲ್ಲ ಪಟ್ಟಿಯಾಗಿ ಕೈಗೆ ಬರುತ್ತದೆ ಅಲ್ವಾ? ಇಲ್ಲಿ ಹಾಗೆ ಯಾರೂ ಪಟ್ಟಿ ಮಾಡಿಕೊಡುವುದಿಲ್ಲ. ಇಂಡೆಕ್ಸ್ ತೆಗೆದು ನೀವೇ ಹುಡುಕಬೇಕು. ಅದು ಇರುವುದು ಜನರ ಹೆಸರಿನ ಮೇಲೆ. ಕೊಟ್ಟವರು ‘ಗ್ರಾಂಟರ್’, ಪಡೆದವರು ‘ಗ್ರಾಂಟಿ’. ಕೌಂಟಿಯ ವೆಬ್‌ಸೈಟಿನಲ್ಲಿ ಈ ಇಂಡೆಕ್ಸನ್ನು ಮನೆಯಲ್ಲೇ ಕೂತು ನೋಡಬಹುದು. ಮೊದಲು ಗ್ರಾಂಟಿ ಕಡೆ ನಿಮ್ಮ ಹೆಸರು ಹಾಕಿ. ಮನೆ ಕೊಂಡ ತಿಂಗಳಿನ ಆಸುಪಾಸಿನಲ್ಲಿ ‘ಗ್ರಾಂಟ್ ಡೀಡ್’ ಅಂತ ಒಂದು ಸಾಲು ಸಿಗಬೇಕು. ಅದರ ಡಾಕ್ಯುಮೆಂಟ್ ನಂಬರ್ ಬರೆದಿಟ್ಟುಕೊಳ್ಳಿ.

ನಮ್ಮವರು ಎಡವುವುದು ಇಲ್ಲೇ. ಇಂಡೆಕ್ಸ್‌ನಲ್ಲಿ ಮೊದಲು ಬರುವುದು ಸರ್‌ನೇಮ್. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಅನ್ನುವುದೇ ಇಲ್ಲ. ಪಾಸ್‌ಪೋರ್ಟಿಗಾಗಿ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಕೊನೆಗೆ ಸೇರಿಸಿರುತ್ತೇವೆ. ಹಾಗಾಗಿ ಮಂಜುನಾಥ ಅನ್ನುವವರು ಹೊಳೆನರಸೀಪುರದ ಹೆಸರಿನಡಿ ಸಿಗಬಹುದು. ಹೆಸರು ಹಿಂದೆಮುಂದೆ ಮಾಡಿ ಹುಡುಕಿ. ‘ಲಕ್ಷ್ಮಿ’ಯಂಥ ಹೆಸರಿಗೆ ಇಂಗ್ಲಿಷ್ ಕಾಗುಣಿತ ನಾಲ್ಕು ಥರ ಇರುತ್ತದೆ, ಅವನ್ನೂ ಹಾಕಿ ನೋಡಿ.

ಆಮೇಲೆ ಗ್ರಾಂಟರ್ ಕಡೆಗೂ ಅದೇ ಹೆಸರು ಹಾಕಿ. ನೀವು ಯಾರಿಗೆ ಏನು ಬರೆದುಕೊಟ್ಟಿದ್ದೀರಿ ಅನ್ನುವುದು ಅಲ್ಲಿ ಸಿಗುತ್ತದೆ. ನನ್ನ ಸಹಿಯ ಪತ್ರ ಸಿಕ್ಕಿದ್ದು ಅಲ್ಲೇ. ಮನೆ ಸಾಲದ ಪತ್ರವೂ ಅಲ್ಲೇ ಇರುತ್ತದೆ. ಅದಕ್ಕೆ ‘ಡೀಡ್ ಆಫ್ ಟ್ರಸ್ಟ್’ ಅನ್ನುತ್ತಾರೆ. ಫ್ಯಾಮಿಲಿ ಟ್ರಸ್ಟಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಸಾಲ ತೀರಿದ್ದರೆ, ಅಥವಾ ರೀಫೈನಾನ್ಸ್ ಮಾಡಿಸಿದ್ದರೆ (ಹೊಸ ಸಾಲ ತೆಗೆದು ಹಳೆಯದನ್ನು ತೀರಿಸಿದ್ದರೆ), ಹಳೆಯ ಪ್ರತಿ ಡೀಡ್ ಆಫ್ ಟ್ರಸ್ಟ್‌ಗೂ ಒಂದೊಂದು ‘ರೀಕನ್ವೇಯನ್ಸ್’, ಅಂದರೆ ಸಾಲ ತೀರಿತು, ಮನೆ ಮೇಲೆ ನಮ್ಮ ಹಕ್ಕಿಲ್ಲ ಅನ್ನುವ ಪತ್ರ, ಇರಲೇಬೇಕು. ಸಾಲ ತೀರಿದ 30 ದಿನದಲ್ಲಿ ಸಾಲ ಕೊಟ್ಟವರು ಕಾಗದ ಕಳಿಸಬೇಕು, ಅದು ಕೈಸೇರಿದ 21 ದಿನದಲ್ಲಿ ಟ್ರಸ್ಟಿ (ಸಾಲದ ಪತ್ರದಲ್ಲಿ ಹೆಸರಿಸಿದ ಮಧ್ಯಸ್ಥರು) ರೀಕನ್ವೇಯನ್ಸ್ ದಾಖಲಿಸಬೇಕು ಅಂತ ರಾಜ್ಯದ ಕಾನೂನಿದೆ. ಅದು ಕಾಣದಿದ್ದರೆ ಸಾಲ ಕೊಟ್ಟವರಿಗೆ ಈಗಲೇ ಪತ್ರ ಬರೆದು ಕೇಳಿ. ಮನೆ ಮಾರುವ ಹೊತ್ತಿಗೆ ಗೊತ್ತಾದರೆ ಓಡಾಟ ಜಾಸ್ತಿ.

ಪತ್ರದ ಚಿತ್ರ ಎಲ್ಲ ಕಡೆ ಮನೆಯಲ್ಲಿ ಕೂತು ನೋಡಲು ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಹಲವು ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲಿ ಇಂಡೆಕ್ಸ್ ಮಾತ್ರ. ಪತ್ರವನ್ನು ಕಚೇರಿಯ ಕಂಪ್ಯೂಟರಿನಲ್ಲಿ ನೋಡಬೇಕು, ಇಲ್ಲವೇ ದುಡ್ಡು ಕೊಟ್ಟು ಪ್ರತಿ ತರಿಸಿಕೊಳ್ಳಬೇಕು. ನ್ಯೂಯಾರ್ಕ್ ನಗರದಲ್ಲಿ ಇರುವವರಿಗೆ ಈ ಕಷ್ಟವಿಲ್ಲ. ಆಸ್ತಿ ಪತ್ರಗಳಿಗೆಂದೇ ಇರುವ ಅಲ್ಲಿನ ಅಕ್ರಿಸ್ ತಾಣದಲ್ಲಿ ಸ್ಟೇಟನ್ ಐಲೆಂಡ್ ಬಿಟ್ಟು ನಗರದ ಉಳಿದ ನಾಲ್ಕು ವಿಭಾಗಗಳ (ಬರೋಗಳ) 1966ರಿಂದ ಈಚಿನ ಪತ್ರಗಳು ಪುಕ್ಕಟೆಯಾಗಿ ಕಾಣುತ್ತವೆ.

ಇನ್ನೊಂದು ಎಚ್ಚರಿಕೆ. ಮನೆ ಕೊಂಡ ಕೆಲವೇ ವಾರದಲ್ಲಿ ಸರ್ಕಾರಿ ನೋಟಿಸಿನ ಹಾಗೆ ಕಾಣುವ ಕಾಗದಗಳು ಅಂಚೆಯಲ್ಲಿ ಬರುತ್ತವೆ. ನಿಮ್ಮ ಡೀಡ್‌ನ ಪ್ರತಿ ಕೊಡುತ್ತೇವೆ, ಇಷ್ಟು ಡಾಲರ್ ಕಳಿಸಿ ಅಂತ ದೊಡ್ಡ ಮೊತ್ತ ಕೇಳುತ್ತವೆ. ಅವು ಖಾಸಗಿಯವರ ಕಾಗದಗಳು. ಅದೇ ಪ್ರತಿ ಕೌಂಟಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ.

ಓದುವುದು

ಊರಿನ ಕ್ರಯಪತ್ರ ನೋಡಿದವರಿಗೆ ಇಲ್ಲಿನ ಡೀಡ್ ನೋಡಿದರೆ ಆಶ್ಚರ್ಯವಾಗುತ್ತದೆ. ಎಷ್ಟೋ ಸಲ ಒಂದೇ ಹಾಳೆ. ಫೋಟೊ ಇಲ್ಲ, ಹೆಬ್ಬೆಟ್ಟಿಲ್ಲ, ಸಾಕ್ಷಿಗಳ ಸಹಿಯೂ ಇಲ್ಲ. ಸಾಮಾನ್ಯವಾಗಿ ಮಾರಿದವರು ಮಾತ್ರ ಸಹಿ ಹಾಕುತ್ತಾರೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು ಅನ್ನುವ ಚೆಕ್ಕುಬಂದಿ ಬದಲು, ಇಂಥ ಟ್ರ್ಯಾಕ್ಟ್‌ನ (ಬಡಾವಣೆಯ) ಇಂಥ ಲಾಟ್ (ಸೈಟು), ಇಂಥ ಮ್ಯಾಪ್ ಪುಸ್ತಕದ ಇಂಥ ಪುಟ ಅಂತ ಬರೆದಿರುತ್ತದೆ. ಹೆಸರಿನ ಪಕ್ಕದ ಪದಗಳನ್ನು ನಿಧಾನವಾಗಿ ಓದಿ. ‘ಮ್ಯಾರೀಡ್ ಮ್ಯಾನ್, ಸೋಲ್ ಅಂಡ್ ಸೆಪರೇಟ್ ಪ್ರಾಪರ್ಟಿ’ ಅಂತಿದ್ದರೆ ಅದು ಅವರೊಬ್ಬರದ್ದೇ.

ನಿಮ್ಮದು ಹಳೆಯ ಬಡಾವಣೆಯಾಗಿದ್ದರೆ ಹಿಂದಿನ ಪತ್ರಗಳನ್ನೂ ಓದಿ. ಬಿಳಿಯರಲ್ಲದವರು ಇಲ್ಲಿ ವಾಸ ಮಾಡಕೂಡದು ಅನ್ನುವ ಷರತ್ತು ಕಣ್ಣಿಗೆ ಬೀಳಬಹುದು. ಕ್ಯಾಲಿಫೋರ್ನಿಯಾ 1913ರಲ್ಲಿ, ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಹೊಲಗದ್ದೆ ಕೊಳ್ಳದಂತೆ ಕಾನೂನು ಮಾಡಿತ್ತು. 1923ರಲ್ಲಿ, ಭಾರತದಿಂದ ಬಂದಿದ್ದ ಭಗತ್ ಸಿಂಗ್ ಥಿಂದ್ ಅನ್ನುವವರ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಜನಾಂಗ, ಬಣ್ಣದ ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ತೀರ್ಪು ಬಂದದ್ದು 1948ರಲ್ಲಿ. ಆದರೂ ಆ ಸಾಲುಗಳು ಪುಸ್ತಕದಲ್ಲಿ ಹಾಗೇ ಉಳಿದಿವೆ. 2021ರ ಒಂದು ಕಾನೂನಿನ ಪ್ರಕಾರ ಈಗ ರಾಜ್ಯದ ಕೌಂಟಿಗಳೇ ಅವನ್ನು ಹುಡುಕಿ ತೆಗೆಯಬೇಕು. ಸ್ಯಾಂಟಾ ಕ್ಲಾರಾ ಕೌಂಟಿ ಇದಕ್ಕೆ ಸ್ಟ್ಯಾನ್‌ಫರ್ಡ್ ಸಂಶೋಧಕರ ಜೊತೆ ಸೇರಿ ಕೃತಕ ಬುದ್ಧಿಮತ್ತೆಯನ್ನು ಬಳಸಿದೆ. ನೀವೂ ಒಂದು ಅರ್ಜಿ ಕೊಟ್ಟು ತೆಗೆಸಬಹುದು. ದಯವಿಟ್ಟು ತೆಗೆಸಿ.

ದಾಖಲಿಸುವುದು

ಹೆಸರು ಸೇರಿಸಬೇಕಾದರೆ ಹೊಸ ಡೀಡ್ ಬೇಕು. ಹಳೆಯದನ್ನು ತಿದ್ದಲು ಆಗುವುದಿಲ್ಲ. ಈಗ ಯಾರ ಹೆಸರಿದೆಯೋ ಅವರು, ತಮಗೂ ತಮ್ಮ ಸಂಗಾತಿಗೂ ಸೇರಿಸಿ ಬರೆದುಕೊಡಬೇಕು. ಸ್ಯಾಕ್ರಮೆಂಟೊ ಕೌಂಟಿಯ ಸಾರ್ವಜನಿಕ ಕಾನೂನು ಗ್ರಂಥಾಲಯದ ತಾಣದಲ್ಲಿ ನಮೂನೆಗಳು ಉಚಿತವಾಗಿ ಸಿಗುತ್ತವೆ. ಇಬ್ಬರೂ ಹೇಗೆ ಒಡೆಯರಾಗುತ್ತೀರಿ ಅನ್ನುವುದನ್ನು ಅದರಲ್ಲಿ ಬರೆಯಬೇಕು. ನಾವು ಆರಿಸಿಕೊಂಡದ್ದು ‘ಕಮ್ಯುನಿಟಿ ಪ್ರಾಪರ್ಟಿ ವಿತ್ ರೈಟ್ ಆಫ್ ಸರ್ವೈವರ್‌ಶಿಪ್’. ಒಬ್ಬರು ಹೋದರೆ ಕೋರ್ಟಿನ ಪ್ರೊಬೇಟ್ (ತೀರಿಕೊಂಡವರ ಆಸ್ತಿ ಹಂಚುವ ವಿಚಾರಣೆ) ಇಲ್ಲದೆ ಇನ್ನೊಬ್ಬರಿಗೆ ಮನೆ ಬರುತ್ತದೆ. ಇದಕ್ಕೆ ಮಾತ್ರ ಪಡೆಯುವವರ ಒಪ್ಪಿಗೆಯ ಸಹಿಯೂ ಪತ್ರದ ಮೇಲೆ ಬೇಕು.

ಜಾಗದ ವಿವರವನ್ನು ಹಳೆಯ ಡೀಡ್‌ನಿಂದ ಅಕ್ಷರಕ್ಕೆ ಅಕ್ಷರ ನಕಲು ಮಾಡಿ. ಮನೆಯ ವಿಳಾಸ ಬರೆದರೆ ಸಾಲದು. ಮೊದಲ ಪುಟದ ಮೇಲ್ಭಾಗದ ಬಲಗಡೆ 5 ಇಂಚು ಅಗಲ, 2.5 ಇಂಚು ಎತ್ತರದ ಜಾಗ ಖಾಲಿ ಬಿಡಬೇಕು. ಕೌಂಟಿಯ ಮುದ್ರೆ ಬೀಳುವುದು ಅಲ್ಲಿ. ಎಡಗಡೆ, ದಾಖಲಾದ ಮೇಲೆ ಪತ್ರ ಯಾರಿಗೆ ವಾಪಸ್ ಕಳಿಸಬೇಕು ಅನ್ನುವ ಹೆಸರು ಮತ್ತು ವಿಳಾಸ.

ಸಹಿಯನ್ನು ನೋಟರಿ ಮುಂದೆ ಹಾಕಬೇಕು. ಒಂದು ಸಹಿಗೆ ಅವರು 15 ಡಾಲರಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಗುರುತಿನ ಚೀಟಿಯ ಹೆಸರಿಗೂ ಡೀಡ್‌ನ ಹೆಸರಿಗೂ ತಾಳೆಯಾಗದಿದ್ದರೆ ನೋಟರಿ ವಾಪಸ್ ಕಳಿಸುತ್ತಾರೆ. ಹಳೆಯ ಪತ್ರದಲ್ಲಿ ಇನಿಶಿಯಲ್, ಈಗಿನ ಲೈಸೆನ್ಸ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಡೀಡ್ ಜೊತೆ ಪಿಕಾರ್ ಅನ್ನುವ, ಒಡೆತನ ಬದಲಾದದ್ದನ್ನು ತಿಳಿಸುವ ಫಾರ್ಮ್ ತುಂಬಿ ಕೊಡಬೇಕು. ಕೊಡದಿದ್ದರೆ 20 ಡಾಲರ್ ಜಾಸ್ತಿ. ಇದು ಹೋಗುವುದು ಅಸೆಸರ್‌ಗೆ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಅನ್ನುವ ಕಾನೂನಿನಿಂದಾಗಿ ಇಲ್ಲಿ ತೆರಿಗೆಯ ಬೆಲೆ ವರ್ಷಕ್ಕೆ ಹೆಚ್ಚೆಂದರೆ ಶೇ 2ರಷ್ಟು ಏರುತ್ತದೆ. ಒಡೆತನ ಬದಲಾದರೆ, ಇಲ್ಲವೇ ಹೊಸದಾಗಿ ಏನಾದರೂ ಕಟ್ಟಿಸಿದರೆ, ಹೊಸದಾಗಿ ಬೆಲೆ ಕಟ್ಟುತ್ತಾರೆ. ಗಂಡ ಹೆಂಡತಿ ನಡುವಿನ ವರ್ಗಾವಣೆಗೆ ಅದರಿಂದ ವಿನಾಯಿತಿ ಇದೆ. ಫಾರ್ಮಿನಲ್ಲಿ ಆ ಚೌಕದಲ್ಲಿ ಗುರುತು ಹಾಕುವುದನ್ನು ಮರೆಯಬೇಡಿ. ಮಕ್ಕಳ ಹೆಸರು ಸೇರಿಸುವುದು ಬೇರೆಯೇ ವಿಷಯ. 2021ರ ಫೆಬ್ರವರಿಯಿಂದ ಆ ನಿಯಮ ಬಿಗಿಯಾಗಿದೆ, ವಕೀಲರನ್ನು ಕೇಳದೆ ಕೈಹಾಕಬೇಡಿ.

ಖರ್ಚಿಗೆ ಬಂದರೆ, ಪುಟದ ಲೆಕ್ಕದ ಶುಲ್ಕ ಇದ್ದೇ ಇದೆ. ಅದರ ಮೇಲೆ 2018ರಿಂದ ವಸತಿ ಯೋಜನೆಗೆ ಅಂತ 75 ಡಾಲರ್ ಸೇರಿಸಿದ್ದಾರೆ. ನೀವೇ ವಾಸವಿರುವ ಮನೆಯ ವರ್ಗಾವಣೆಗೆ ಆ 75 ಇಲ್ಲ, ಆದರೆ ವಿನಾಯಿತಿಯ ಕಾರಣವನ್ನು ಪತ್ರದ ಮೇಲೆ ಬರೆದಿರಬೇಕು. ಕೌಂಟಿಯ ವರ್ಗಾವಣೆ ತೆರಿಗೆ 1,000 ಡಾಲರಿಗೆ 1.10 ಡಾಲರ್. ದುಡ್ಡಿಲ್ಲದೆ ಕೊಟ್ಟರೆ ಅದೂ ಇಲ್ಲ. ಅಲ್ಲಿಯೂ ಸೊನ್ನೆ ಬರೆದು ಕಾರಣ ಕೊಡಬೇಕು.

ಹೆಸರು ಸೇರಿಸಿಕೊಳ್ಳುವವರು ಅಮೆರಿಕದ ಪ್ರಜೆಯಲ್ಲದಿದ್ದರೆ ಮೊದಲು ತೆರಿಗೆ ಸಲಹೆಗಾರರನ್ನು ಕೇಳಿ. ಪ್ರಜೆಯಾದ ಸಂಗಾತಿಗೆ ಎಷ್ಟು ಕೊಟ್ಟರೂ ಗಿಫ್ಟ್ ಟ್ಯಾಕ್ಸ್ ಇಲ್ಲ. ಪ್ರಜೆಯಲ್ಲದವರಿಗೆ ವರ್ಷಕ್ಕೊಂದು ಮಿತಿಯಿದೆ, 2025ರಲ್ಲಿ ಅದು 1,90,000 ಡಾಲರ್. ಸಾಲ ಇರುವಾಗ ಹೆಂಡತಿಯ ಹೆಸರು ಸೇರಿಸಿದರೆ ಬ್ಯಾಂಕು ಪೂರ್ತಿ ಸಾಲ ಕಟ್ಟು ಅನ್ನುತ್ತದೆ ಅಂತ ಹಲವರು ಹೆದರುತ್ತಾರೆ. ವಾಸದ ಮನೆಗೆ ಹಾಗೆ ಕೇಳುವಂತಿಲ್ಲ ಅಂತ 1982ರ ಕೇಂದ್ರ ಕಾನೂನೇ ಇದೆ.

ಕೌಂಟರಿನಲ್ಲಿ ಕೊಡಬಹುದು, ಅಂಚೆಯಲ್ಲೂ ಕಳಿಸಬಹುದು. ಅವರು ನೋಡುವುದು ಫಾರ್ಮ್, ಸಹಿ, ನೋಟರಿ, ಶುಲ್ಕ ಇಷ್ಟೇ. ಒಳಗೆ ಬರೆದದ್ದು ಸರಿಯಾ ತಪ್ಪಾ ಅಂತ ಯಾರೂ ಹೇಳುವುದಿಲ್ಲ, ಕಾನೂನಿನ ಸಲಹೆಯನ್ನೂ ಕೊಡುವುದಿಲ್ಲ. ಹಾಗಾಗಿ ಲಾಟ್ ನಂಬರನ್ನು ಇಬ್ಬರು ಕೂತು ಜೋರಾಗಿ ಓದಿ ತಾಳೆ ನೋಡಿ. ಮುದ್ರೆ ಬಿದ್ದ ಮೇಲೆ ಪತ್ರದ ಚಿತ್ರ ಕೌಂಟಿಯಲ್ಲಿ ಉಳಿಯುತ್ತದೆ, ಮೂಲ ಪತ್ರ ಅಂಚೆಯಲ್ಲಿ ವಾಪಸ್ ಬರುತ್ತದೆ. ಮುಂದೆ ಅದು ಕಳೆದುಹೋದರೂ ಗಾಬರಿ ಬೇಡ. ದೃಢೀಕೃತ ಪ್ರತಿ ಕೌಂಟಿಯಿಂದ ಯಾವಾಗ ಬೇಕಾದರೂ ಸಿಗುತ್ತದೆ.

ಪತ್ರ ಬಂದ ಮೇಲೆ ಮತ್ತೊಮ್ಮೆ ಇಂಡೆಕ್ಸ್ ತೆಗೆದು ಗ್ರಾಂಟಿ ಕಡೆ ನಿಮ್ಮ ಹೆಸರು ಹಾಕಿ. ಕಾಗುಣಿತ ಸರಿಯಿದೆಯಾ ನೋಡಿ. ಮನೆಯ ವಿಮಾ ಕಂಪನಿಗೂ ಫೋನ್ ಮಾಡಿ, ಒಡೆಯರ ಹೆಸರುಗಳಲ್ಲಿ ನಿಮ್ಮದನ್ನೂ ಸೇರಿಸಲು ಹೇಳಿ. ನಾನು ಆ ಫೋನನ್ನು ಪತ್ರ ಬಂದ ದಿನವೇ ಮಾಡಿದೆ.