ಎರೆ ಹೊಲದಿಂದ ನಕ್ಷತ್ರಪಥದ ಚಿತ್ರ ತೆಗೆಯುವ ಬಗೆ

ಧ್ರುವ ನಕ್ಷತ್ರದ ಸುತ್ತ ಬಳೆಗಳಂತೆ ಹರಡಿದ ಬೆಳಕಿನ ಗೆರೆಗಳನ್ನು ಸೆರೆಹಿಡಿಯಲು ಹೊರಡುವವರು ಕ್ಯಾಮೆರಾಕ್ಕಿಂತ ಮೊದಲು ಜಾಗದ ಬಗ್ಗೆ ಯೋಚಿಸಬೇಕು. ಗದುಗಿನ ಅಕ್ಷಾಂಶ ಸುಮಾರು 15.4 ಡಿಗ್ರಿಯಾದ್ದರಿಂದ ಇಲ್ಲಿ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ತೋಳು ಚಾಚಿ ಹಿಡಿದ ಮುಷ್ಟಿಯ ಅಳತೆಯಲ್ಲಿ ಹೇಳುವುದಾದರೆ ಒಂದೂವರೆ ಮುಷ್ಟಿ. ಇಷ್ಟು ತಗ್ಗಿನಲ್ಲಿರುವ ಚಿಕ್ಕಿಯನ್ನು ಮರೆಮಾಡಲು ಹತ್ತಿರದ ಒಂದು ಬೇವಿನ ಮರ ಸಾಕು, ಮಸುಕಾಗಿಸಲು ದೂರದ ಪಟ್ಟಣದ ದೀಪಗಳು ಸಾಕು. ಆದ್ದರಿಂದ ಊರು ಬೆನ್ನ ಹಿಂದೆ ಬರುವಂತೆ ನಿಲ್ಲಬೇಕು: ಗದುಗಿನವರು ರೋಣ, ನರಗುಂದದ ಕಡೆಯ ಬಯಲಿಗೆ ಹೋಗುವುದು ಮೇಲು. ಕಪ್ಪತಗುಡ್ಡದ ಆಸೆ ಅನೇಕರಿಗಿರುತ್ತದೆ; ಆದರೆ ಅದರ ದಕ್ಷಿಣದ ಮಗ್ಗುಲಲ್ಲಿ ನಿಂತರೆ ಗುಡ್ಡವೇ ಧ್ರುವಕ್ಕೆ ಅಡ್ಡ ಬಂದೀತು, ಅಲ್ಲದೆ ಅದು ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಒಳಹೋಗುವಂತಿಲ್ಲ.

ದೀಪಾವಳಿಯಿಂದ ಶಿವರಾತ್ರಿಯವರೆಗಿನ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಉತ್ತಮ. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೇಗೂ ಹೊಲಕ್ಕೆ ಹೋಗುವವರು ಹಗಲಲ್ಲೇ ದಿಕ್ಕು ನೋಡಿಟ್ಟುಕೊಳ್ಳಬಹುದು. ಬೇರೆಯವರ ಹೊಲವಾದರೆ ಮೊದಲೇ ಹೇಳಿರಬೇಕು. ಕಡಲೆ, ಜೋಳ ನಿಂತಿರುವ ಕಾಲದಲ್ಲಿ ನಡುರಾತ್ರಿ ಬ್ಯಾಟರಿ ಬೆಳಕು ಕಂಡರೆ ಯಾರಿಗಾದರೂ ಸಂಶಯ ಬರುವುದು ಸಹಜ. ಆ ದಿನಗಳ ಸಂಜೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತಿರುವ ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದ ನೆರವಿನಿಂದಲೂ, ಮಾರ್ಚಿನ ನಂತರ ಸಪ್ತರ್ಷಿ ಮಂಡಲದಿಂದಲೂ ಧ್ರುವವನ್ನು ಗುರುತಿಸಬಹುದು.

ಕ್ಯಾಮೆರಾವನ್ನು ನೆಟ್ಟಗೆ, ಅಂದರೆ ಚಿತ್ರ ಉದ್ದುದ್ದ ಬರುವಂತೆ ಟ್ರೈಪಾಡಿಗೆ ಕೂರಿಸಿದರೆ, ಧ್ರುವ ಕೆಳಭಾಗದಲ್ಲಿ ಉಳಿದು ಕಮಾನುಗಳಿಗೆ ಮೇಲೆ ಜಾಗ ಸಿಗುತ್ತದೆ. ಉತ್ತ ಎರೆಮಣ್ಣಿನಲ್ಲಿ ಟ್ರೈಪಾಡಿನ ಕಾಲು ನಿಧಾನವಾಗಿ ಇಳಿಯುವುದರಿಂದ ಒಡ್ಡಿನ ಮೇಲೆ ನಿಲ್ಲಿಸಬೇಕು, ಇಲ್ಲವೇ ಕಾಲುಗಳ ಕೆಳಗೆ ಹಲಗೆಯ ತುಂಡುಗಳನ್ನು ಇಡಬೇಕು. ಆಟೋಫೋಕಸ್ ನಿಲ್ಲಿಸಿ, ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ ಅದು ಸಣ್ಣ ಚುಕ್ಕಿಯಾಗುವವರೆಗೆ ಕೈಯಿಂದಲೇ ಫೋಕಸ್ ಹೊಂದಿಸಬೇಕು. ಅಗಲ ನೋಟದ ಲೆನ್ಸ್, ಎಫ್ 2.8 ಅಥವಾ ಲೆನ್ಸಿನಲ್ಲಿ ಸಾಧ್ಯವಿರುವಷ್ಟು ದೊಡ್ಡ ಕಿಂಡಿ (ಬೆಳಕು ಒಳಬರುವ ರಂಧ್ರ), ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 800ರಿಂದ 1600, ಶಟರ್ 30 ಸೆಕೆಂಡು, ಬದಲಾಗದ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ): ಇಲ್ಲಿಂದ ಆರಂಭಿಸಿ ಒಂದೆರಡು ಚಿತ್ರ ತೆಗೆದು ನೋಡಬೇಕು. ಬಳಿಕ ಕಂಟಿನ್ಯುಯಸ್ ಮೋಡಿನಲ್ಲಿಟ್ಟು ಕೇಬಲ್ ರಿಲೀಸಿನ (ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ತಂತಿಯ) ಗುಂಡಿಯನ್ನು ಒತ್ತಿ ಲಾಕ್ ಮಾಡಿದರೆ ಕ್ಯಾಮೆರಾ ತಾನೇ ಚಿತ್ರ ತೆಗೆಯುತ್ತಾ ಹೋಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಒಂದು ಗಂಟೆಯ ಸುಮಾರು 120 ಚಿತ್ರಗಳನ್ನು ಕೊನೆಗೆ ಒಂದರ ಮೇಲೊಂದು ಪೇರಿಸಿದಾಗ ಪ್ರತಿ ಗೆರೆಯೂ ಪೂರ್ಣ ವೃತ್ತದ 24ನೇ ಒಂದು ಭಾಗವಷ್ಟೇ ಆಗುತ್ತದೆ. ಕಣ್ಣಿಗೆ ತೃಪ್ತಿಯಾಗಬೇಕಾದರೆ ಎರಡು ಗಂಟೆಯಾದರೂ ಕಾಯಬೇಕೆಂಬುದು ನನ್ನ ಅಭಿಪ್ರಾಯ.

ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಎಂಬ, ಚಿತ್ರದಲ್ಲಿ ಮೂಡುವ ಕಾಳುಕಾಳು ಕಲೆಗಳನ್ನು ತಗ್ಗಿಸುವ ಸೌಲಭ್ಯವನ್ನು ಮರೆಯದೆ ಮುಚ್ಚಿಡಬೇಕು. ಅದು ತೆರೆದಿದ್ದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಮತ್ತೆ 30 ಸೆಕೆಂಡು ಕತ್ತಲ ಚಿತ್ರವೊಂದನ್ನು ತೆಗೆಯುತ್ತದೆ, ಆ ಹೊತ್ತಿನಲ್ಲಿ ನಕ್ಷತ್ರ ಮುಂದೆ ಸರಿದಿರುತ್ತದೆ. ನಾನು ಇದನ್ನು ಮರೆತ ರಾತ್ರಿ ದೊರೆತದ್ದು ಗೆರೆಗಳಲ್ಲ, ಬಟ್ಟೆಗೆ ಹಾಕಿದ ಕಚ್ಚಾ ಹೊಲಿಗೆಯಂಥ ತುಂಡುಗಳು. ಇನ್ನೊಂದು ಶತ್ರು ಇಬ್ಬನಿ: ಕಡಲೆ ಹೊಲದ ಬಳಿ ನಡುರಾತ್ರಿಯ ಹೊತ್ತಿಗೆ ಲೆನ್ಸ್ ಮಬ್ಬಾಗುತ್ತದೆ, ಒರೆಸಲು ಹೋದರೆ ಕ್ಯಾಮೆರಾ ಅಲುಗುತ್ತದೆ. ಪವರ್ ಬ್ಯಾಂಕಿನಿಂದ ನಡೆಯುವ ಬಿಸಿ ಪಟ್ಟಿಯನ್ನು ಆರಂಭದಲ್ಲೇ ಲೆನ್ಸಿಗೆ ಸುತ್ತುವುದು ಒಳ್ಳೆಯದು.

ಮನೆಗೆ ಬಂದ ಮೇಲೆ ಸ್ಟಾರ್‌ಸ್ಟ್ಯಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲ ಚಿತ್ರಗಳನ್ನು ಪೇರಿಸಿದರೆ, ಅದು ಪ್ರತಿಯೊಂದು ಬಿಂದುವಿನಲ್ಲೂ ಅತಿ ಹೆಚ್ಚು ಬೆಳಕಿನದನ್ನು ಉಳಿಸಿಕೊಂಡು ಗೆರೆಗಳನ್ನು ಜೋಡಿಸುತ್ತದೆ. ಗಾಳಿಯಂತ್ರಗಳ ಕೆಂಪು ದೀಪಗಳು ಕದಲದ ಚುಕ್ಕಿಗಳಾಗಿ ಉಳಿಯುತ್ತವೆ. ಅವು ಈ ಸೀಮೆಯ ಗುರುತಾದ್ದರಿಂದ ನಾನು ಅಳಿಸುವುದಿಲ್ಲ. ವಿಮಾನದ ಗೆರೆಯನ್ನು ಮಾತ್ರ ಪೇರಿಸುವ ಮೊದಲೇ ಆಯಾ ಚಿತ್ರದಲ್ಲಿ ಕಪ್ಪು ಬಳಿದು ಮುಚ್ಚಬೇಕು.