ಆಸ್ಪತ್ರೆಯಲ್ಲಿದ್ದ ನಿಮ್ಮ ದಾಖಲೆ ಸೋರಿಕೆಯಾದರೆ: ಮೊದಲು ಏನು ಮಾಡಬೇಕು, ನಂತರ ಯಾರಿಗೆ ದೂರಬೇಕು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕುಟುಂಬವೊಂದರ ವೈದ್ಯಕೀಯ ದಾಖಲೆಗಳು ಈಗ ಒಂದೇ ಊರಿನಲ್ಲಿ ಇರುವುದಿಲ್ಲ. ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಿರುತ್ತದೆ, ಹೃದಯದ ತಪಾಸಣೆ ಕಲಬುರಗಿಯ ಜಯದೇವದಲ್ಲಿ ನಡೆದಿರುತ್ತದೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಬಂದಿರುತ್ತಾರೆ. ಪ್ರತಿಯೊಂದು ಕಡೆಯೂ ಹೆಸರು, ಮೊಬೈಲ್ ಸಂಖ್ಯೆ, ಆಧಾರ್ ಪ್ರತಿ, ಪಡಿತರ ಚೀಟಿಯ ವಿವರ ಮತ್ತು ಕಾಯಿಲೆಯ ವಿವರ ಒಂದೇ ಕಡತದಲ್ಲಿ ಸೇರಿರುತ್ತವೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ನಡೆದಾಗ ಸುಮಾರು ಎರಡು ವಾರ ರೋಗಿಗಳ ನೋಂದಣಿ ಕೈಬರಹದಲ್ಲಿ ಸಾಗಿತು. ಅಷ್ಟು ದೊಡ್ಡ ಸಂಸ್ಥೆಗೆ ಒದಗಿದ್ದು ಜಿಲ್ಲಾ ಕೇಂದ್ರದ ನರ್ಸಿಂಗ್ ಹೋಮ್‌ಗೂ ರಕ್ತಪರೀಕ್ಷೆಯ ಲ್ಯಾಬ್‌ಗೂ ಒದಗಬಹುದು.

ಇಂತಹ ಸೋರಿಕೆಯಿಂದ ರೋಗಿಗೆ ಎರಡು ಬಗೆಯ ಹಾನಿಯಾಗುತ್ತದೆ. ಹಣದ ಹಾನಿ ಕೆಲವೇ ಗಂಟೆಗಳಲ್ಲಿ ಆಗಿಬಿಡಬಹುದು. ಮಾನದ ಹಾನಿ ಎಷ್ಟೋ ವರ್ಷ ಬೆನ್ನು ಬಿಡುವುದಿಲ್ಲ. ಆದ್ದರಿಂದ ಮೊದಲ ದಿನದ ಕೆಲಸ ವಕೀಲರ ಕಚೇರಿಯಲ್ಲಿ ಇರುವುದಿಲ್ಲ, ಬ್ಯಾಂಕಿನಲ್ಲಿ ಇರುತ್ತದೆ.

ಮೊದಲ ದಿನ: ಖಾತೆ ಮತ್ತು ಹೆಬ್ಬೆಟ್ಟು

ಸೋರಿಕೆಯ ಸುದ್ದಿ ತಿಳಿದ ಕೂಡಲೇ, ಆಸ್ಪತ್ರೆಗೆ ಕೊಟ್ಟಿದ್ದ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುವ ಎಲ್ಲ ಬ್ಯಾಂಕ್ ಖಾತೆಗಳ ವಹಿವಾಟನ್ನು ಪರಿಶೀಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು ಮತ್ತು ಬ್ಯಾಂಕಿಗೆ ಬರಹದಲ್ಲಿ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರಲ್ಲಿ ರೂಪಿಸಿದ ನಿಯಮದ ಪ್ರಕಾರ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕಡೆಯಿಂದ ವಂಚನೆ ನಡೆದಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟದ ಹೊರೆ ಗ್ರಾಹಕನ ಮೇಲೆ ಬೀಳುವುದಿಲ್ಲ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗಿನ ನಷ್ಟವನ್ನು ಗ್ರಾಹಕನೇ ಹೊರಬೇಕಾಗುತ್ತದೆ. ಆದರೆ ಒಟಿಪಿಯನ್ನು ತಾನೇ ಹೇಳಿಕೊಟ್ಟಿದ್ದರೆ, ದೂರು ಕೊಡುವವರೆಗೆ ಹೋದ ಹಣಕ್ಕೆ ಈ ರಕ್ಷಣೆ ದೊರೆಯುವುದಿಲ್ಲ. ಕದ್ದ ದಾಖಲೆ ಕೈಯಲ್ಲಿರುವ ವಂಚಕನು ನಿಮ್ಮ ವೈದ್ಯರ ಹೆಸರು, ದಾಖಲಾದ ದಿನಾಂಕ, ಕಾಯಿಲೆಯ ಹೆಸರು ಎಲ್ಲವನ್ನೂ ಸರಿಯಾಗಿ ಹೇಳಿ, ಆಯುಷ್ಮಾನ್ ಯೋಜನೆಯ ಹಣ ವಾಪಸ್ ಬಂದಿದೆ ಎಂದು ನಂಬಿಸುತ್ತಾನೆ. ಕರೆ ಮಾಡಿದವರಿಗೆ ನಿಮ್ಮ ಕಾಯಿಲೆ ಗೊತ್ತಿದೆ ಎಂಬುದು ಅವರು ಆಸ್ಪತ್ರೆಯವರು ಎನ್ನುವುದಕ್ಕೆ ಆಧಾರವಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಕೂತು ವಿವರಿಸಬೇಕು.

ಆಧಾರ್ ಸಂಖ್ಯೆ ಸೋರಿದ್ದರೆ ಎಂ-ಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದು ಉತ್ತಮ. ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ವ್ಯಾಪಕವಾಗಿರುವುದರಿಂದ ಇದು ಇಲ್ಲಿ ಹೆಚ್ಚು ಅಗತ್ಯ. ಹಾಗೆಂದು ಇದರ ತೊಂದರೆಯನ್ನು ಮುಚ್ಚಿಡಬಾರದು: ಲಾಕ್ ಇರುವಾಗ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ಹೊಂದುವುದಿಲ್ಲ, ಬ್ಯಾಂಕ್ ಮಿತ್ರರ ಬಳಿ ಪಿಂಚಣಿಯ ಹಣವೂ ಸಿಗುವುದಿಲ್ಲ. ಪಡಿತರ ತರುವ ದಿನ ತಾತ್ಕಾಲಿಕವಾಗಿ ತೆರೆದು ಮತ್ತೆ ಮುಚ್ಚುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಅದೇ ಜಾಲತಾಣದಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಇತಿಹಾಸವೂ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಾಲದ ವರದಿಯಲ್ಲಿ ಗೊತ್ತಿಲ್ಲದ ಸಾಲ ಕಂಡುಬರುತ್ತದೆಯೇ ಎಂದೂ ಪರೀಕ್ಷಿಸಬೇಕು.

ಮೊದಲ ವಾರ: ಬರಹದಲ್ಲಿ ಕೇಳುವುದು

ದವಾಖಾನೆಯ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆಗೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ. ಒಂದು ಪುಟದ ಪತ್ರ ಬರೆದು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು; ಹೈದರಾಬಾದಿನಂತಹ ದೂರದ ಆಸ್ಪತ್ರೆಯಾದರೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ‘ನಾನು ಇಂತಹ ದಿನಾಂಕದಂದು ನಿಮ್ಮಲ್ಲಿ ಚಿಕಿತ್ಸೆ ಪಡೆದಿದ್ದೇನೆ. ನನ್ನ ಯಾವ ಯಾವ ಮಾಹಿತಿ ಸೋರಿಕೆಯಾಗಿದೆ, ಅದು ನಿಮಗೆ ಯಾವಾಗ ತಿಳಿಯಿತು, ಯಾವ ಪ್ರಾಧಿಕಾರಕ್ಕೆ ವರದಿ ಮಾಡಿದ್ದೀರಿ, ತಡೆಗೆ ಏನು ಕ್ರಮ ಕೈಗೊಂಡಿದ್ದೀರಿ ಎಂಬುದನ್ನು ಬರಹದಲ್ಲಿ ತಿಳಿಸಿ’ ಎಂದಷ್ಟೇ ಬರೆದರೆ ಸಾಕು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಆದ್ದರಿಂದ ಮೂರನೆಯ ಪ್ರಶ್ನೆಯನ್ನು ಬಿಡಬಾರದು. ಅದೇ ಪತ್ರದಲ್ಲಿ ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿಯನ್ನೂ ಕೇಳಿರಿ. ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲಿಯೇ ಇದೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮುಂತಾದ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಾದರೆ ಪತ್ರದ ಜೊತೆಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಬಹುದು. 30 ದಿನಗಳಲ್ಲಿ ಉತ್ತರ ಬರಬೇಕು.

ಬೆದರಿಕೆ ಬಂದರೆ

ಎಚ್‌ಐವಿ, ಗರ್ಭಪಾತ, ಮಾನಸಿಕ ಕಾಯಿಲೆ, ಬಂಜೆತನದ ಚಿಕಿತ್ಸೆ ಇವುಗಳ ವಿವರ ಹಿಡಿದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಕೊಟ್ಟವರಿಂದ ಮತ್ತೆ ಕೇಳುತ್ತಾರೆ, ಕೊಟ್ಟರೂ ಪ್ರತಿಗಳು ಅವರಲ್ಲಿಯೇ ಉಳಿಯುತ್ತವೆ. ಮದುವೆಗೆ ಬಂದ ಮಗಳಿರುವ ಮನೆಯವರು ಭಯಪಟ್ಟು ಗುಟ್ಟಾಗಿ ಹಣ ಹೊಂದಿಸುವುದು ಅರ್ಥವಾಗುವ ಸಂಗತಿ. ಆದರೆ ಕಾನೂನು ಇಲ್ಲಿ ಅವರ ಪರವಾಗಿಯೇ ಇದೆ. ಸಂದೇಶ, ಸಂಖ್ಯೆ, ಯುಪಿಐ ವಿವರಗಳನ್ನು ಅಳಿಸದೆ ಉಳಿಸಿಕೊಂಡು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಬೇಕು. ಘಟನೆ ಬೇರೆ ರಾಜ್ಯದ್ದು ಎಂದು ಠಾಣೆಯಲ್ಲಿ ಹಿಂದಕ್ಕೆ ಕಳುಹಿಸುವಂತಿಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ ಮಾಹಿತಿಯನ್ನು ಪಡೆದು ದಾಖಲಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ನಿರಾಕರಿಸಿದರೆ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ಕಳುಹಿಸಬಹುದು. ಸುಲಿಗೆ ಮತ್ತು ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 308 ಮತ್ತು 351ನೇ ಕಲಮುಗಳು, ಗುರುತು ಕದ್ದು ಬಳಸಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಅನ್ವಯಿಸುತ್ತವೆ. ಎಚ್‌ಐವಿ ಪೀಡಿತರಿಗೆ 2017ರ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇದೆ; ನ್ಯಾಯಾಲಯದಲ್ಲಿ ತಮ್ಮ ಹೆಸರು ಹೊರಬೀಳದಂತೆ ವಿಚಾರಣೆ ನಡೆಸಲು ಅದರಡಿ ಕೋರಬಹುದು.

ಪರಿಹಾರ: ಯಾವ ಬಾಗಿಲು ಯಾರಿಗೆ

ಈ ವಿಷಯದಲ್ಲಿ ಹೆಚ್ಚಿನ ಗೊಂದಲ ಇರುವುದು ಇಲ್ಲಿಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ, ಸುರಕ್ಷತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಅದನ್ನು ಓದಿದ ಅನೇಕರು ಆ ಹಣ ರೋಗಿಗೆ ಸಿಗುತ್ತದೆ ಎಂದು ಭಾವಿಸುತ್ತಾರೆ. ದಂಡ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ರೋಗಿಗೆ ಪರಿಹಾರ ಕೊಡಿಸುವ ಅವಕಾಶ ಆ ಕಾಯ್ದೆಯಲ್ಲಿ ಇಲ್ಲ. ಇದು ಕಾಯ್ದೆಯ ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸೋರಿಕೆಯನ್ನು ಪ್ರತಿಯೊಬ್ಬ ಬಾಧಿತರಿಗೂ ತಿಳಿಸಬೇಕೆಂಬ ಕರ್ತವ್ಯವೂ ಸೇರಿದಂತೆ ಮುಖ್ಯ ಭಾಗಗಳು 18 ತಿಂಗಳ ನಂತರ, ಎಂದರೆ 2027ರ ಮೇ ತಿಂಗಳಿನಲ್ಲಿ, ಜಾರಿಗೆ ಬರುವಂತೆ ನಿಗದಿಯಾಗಿದೆ.

ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಉಳಿದಿರುತ್ತದೆ. 2011ರ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಗುರುತಿಸಿವೆ. ಅದನ್ನು ಕಾಪಾಡುವಲ್ಲಿ ನಿರ್ಲಕ್ಷ್ಯ ತೋರಿದ ಖಾಸಗಿ ಆಸ್ಪತ್ರೆ ಅಥವಾ ಲ್ಯಾಬ್ ಪರಿಹಾರ ಕೊಡಬೇಕಾಗುತ್ತದೆ. ಐದು ಕೋಟಿ ರೂಪಾಯಿವರೆಗಿನ ಕೋರಿಕೆಯನ್ನು ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರು ನ್ಯಾಯನಿರ್ಣಯ ಅಧಿಕಾರಿಯಾಗಿ ವಿಚಾರಿಸುತ್ತಾರೆ. ಆದರೆ ನಿರ್ಲಕ್ಷ್ಯವನ್ನೂ ಅದರಿಂದ ಆದ ನಷ್ಟವನ್ನೂ ರೋಗಿಯೇ ತೋರಿಸಬೇಕಾಗುತ್ತದೆ. ಆಸ್ಪತ್ರೆಗೆ ಬರೆದ ಪತ್ರ, ಠಾಣೆಯ ದೂರಿನ ಪ್ರತಿ, ಬ್ಯಾಂಕಿನ ಉತ್ತರ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಬೀದರ್ ಅಥವಾ ಯಾದಗಿರಿಯಲ್ಲಿರುವ ಸಾಮಾನ್ಯ ಕುಟುಂಬಕ್ಕೆ ನಾನು ಮೊದಲು ಸೂಚಿಸುವುದು ಜಿಲ್ಲಾ ಗ್ರಾಹಕ ಆಯೋಗವನ್ನು. ಗ್ರಾಹಕನು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ವಿರುದ್ಧವಾಗಿ ಇತರರಿಗೆ ಬಹಿರಂಗಪಡಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಹೆಸರಿಸಿದೆ. ಕಳ್ಳರು ಕದ್ದಿದ್ದರೆ, ಕಾಪಾಡದೆ ಹೋದದ್ದನ್ನು ಸೇವಾ ನ್ಯೂನತೆಯೆಂದು ವಾದಿಸಬಹುದು. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿರುವುದರಿಂದ ಹೈದರಾಬಾದಿನ ಆಸ್ಪತ್ರೆಯ ಮೇಲಿನ ದೂರನ್ನು ಬೀದರಿನಲ್ಲಿಯೇ ಕೊಡಬಹುದು. ಚಿಕಿತ್ಸೆಗೆ ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳ ವಿರುದ್ಧ ಮಾತ್ರ ಇಲ್ಲಿಗೆ ಬರುವಂತಿಲ್ಲ. ಹಣ ಪಡೆದೂ ಕೆಲವರಿಗೆ ಉಚಿತವಾಗಿಯೂ ಚಿಕಿತ್ಸೆ ನೀಡುವ ಕಡೆ, ಉಚಿತ ಚಿಕಿತ್ಸೆ ಪಡೆದ ಬಡವರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ.

ಖಾಸಗಿ ಆಸ್ಪತ್ರೆಯ ನಡವಳಿಕೆಯ ಬಗ್ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೂ ಬರೆಯಬಹುದು. ಸರ್ಕಾರಿ ಆಸ್ಪತ್ರೆಯಿಂದಲೇ ಗಂಭೀರ ಸೋರಿಕೆಯಾಗಿ ಯಾರೂ ಉತ್ತರಿಸದಿದ್ದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ನೀಡಿದ ಪುಟ್ಟಸ್ವಾಮಿ ತೀರ್ಪನ್ನು ಆಧರಿಸಿ ಹೈಕೋರ್ಟ್‌ನ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ ಸಲ್ಲಿಸುವ ದಾರಿ ಇದೆ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಿರಬೇಕಾಗಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಆದಾಯ ಮಿತಿಯೊಳಗಿನ ಎಲ್ಲರಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ, ಸಹಾಯವಾಣಿ 15100. ಅಲ್ಲಿಗೆ ಹೋಗುವಾಗ ಆಸ್ಪತ್ರೆಯ ಬಿಲ್ಲು, ಮುದ್ರೆ ಬಿದ್ದ ಪತ್ರದ ಪ್ರತಿ, 1930ರ ದೂರಿನ ಸಂಖ್ಯೆ, ಬ್ಯಾಂಕಿನ ವಹಿವಾಟು ಪಟ್ಟಿ ಮತ್ತು ಸಂದೇಶಗಳ ಮುದ್ರಿತ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಬೇಕು; ಮೂಲಪ್ರತಿಗಳನ್ನು ಯಾರಿಗೂ ಬಿಟ್ಟುಕೊಡದೆ ಮನೆಯಲ್ಲಿಯೇ ಇಟ್ಟುಕೊಳ್ಳಬೇಕು.