ಸದ್ಯಕ್ಕೆ ಇಡಿ, ಬಿಲ್ ಮಾಡಿ: ಒಂದು ಫಾರಂ, ಎರಡು ಬಟನ್

ರೋಬಸ್ಟಾ ಚೆರ್ರಿ, 42 ಚೀಲ, ದರ 1 ರೂಪಾಯಿ. ಅದರ ಕೆಳಗೆ ಅರೇಬಿಕಾ ಪಾರ್ಚ್‌ಮೆಂಟ್, 18 ಚೀಲ, ದರ 1 ರೂಪಾಯಿ. 50 ಕೆಜಿ ಮೂಟೆಗೆ ಒಂದೇ ರೂಪಾಯಿ! ತಿಂಗಳ ಲೆಕ್ಕ ಯಾಕೆ ತಾಳೆ ಆಗುತ್ತಿಲ್ಲ ಎಂದು ಹುಡುಕುತ್ತಾ ಹೋದಾಗ ಇಂಥ ಸಾಲುಗಳು ಒಂದು ಪುಟದ ತುಂಬ ಸಿಕ್ಕವು.

ಚಿಕ್ಕಮಗಳೂರಿನ ಹತ್ತಿರ ಕಾಫಿ ಕೊಳ್ಳುವವರ ಒಂದು ಗೋದಾಮಿದೆ. ಖರೀದಿ ಬರೆದುಕೊಳ್ಳಲು ಅವರಿಗೆ ನಾನೊಂದು ವೆಬ್ ಆಪ್ ಮಾಡಿಕೊಟ್ಟಿದ್ದೆ. ಅಲ್ಲಿನ ರೈಟರ್ ಅಣ್ಣನನ್ನು ಕೇಳಿದೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ಏನ್ ಮಾಡೋದು ಮಾರಾಯ್ರೆ, ದರ ಹಾಕದೆ ಅದು ಮುಂದಕ್ಕೇ ಹೋಗಲ್ಲ ಅಲ್ವಾ? ದರ ಫಿಕ್ಸ್ ಆಗೋದು ಸಾಯಂಕಾಲ. ಅದಕ್ಕೆ ಸುಮ್ನೆ ಒಂದು ಅಂತ ಹಾಕ್ತೀನಿ. ಆಮೇಲೆ ಸರಿ ಮಾಡ್ತೀನಿ." ಕೆಲವನ್ನು ಸರಿ ಮಾಡಿದ್ದರು. ಕೆಲವು ಮರೆತುಹೋಗಿದ್ದವು.

ತಪ್ಪು ಅವರದಲ್ಲ, ನನ್ನದು. ಎಲ್ಲ ಖಾನೆಗೂ ನಾನು 'ರಿಕ್ವೈರ್ಡ್' (ತುಂಬಲೇಬೇಕು ಎಂಬ ಗುರುತು) ಹಾಕಿದ್ದೆ. ಗೋದಾಮಿನ ಕೆಲಸ ಹಾಗೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಗಾಡಿ ಬಂದ ತಕ್ಷಣ ಚೀಲ ಎಣಿಸಿ ತೂಕ ಮಾಡುತ್ತಾರೆ. ಆಮೇಲೆ ಮೀಟರ್‌ನಲ್ಲಿ ತೇವಾಂಶ ನೋಡುತ್ತಾರೆ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಆದರೆ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್, ಅಂದರೆ ಎಷ್ಟು ಚೆರ್ರಿಗೆ ಎಷ್ಟು ಬೀಜ ಬಂತು ಎಂದು, ಬರೆಯಬೇಕು. ಕೊನೆಗೆ ಸಾಹುಕಾರರು ಬೆಳೆಗಾರರ ಜೊತೆ ಫೋನಲ್ಲಿ ಮಾತಾಡಿ ದರ ಮುಗಿಸುತ್ತಾರೆ. ಬೆಳಗ್ಗೆ ಶುರುವಾದ ಒಂದು ನಮೂದು ಪೂರ್ತಿ ಆಗುವುದು ಸಂಜೆಗೆ. ಬೆಳಗ್ಗೆಯೇ ಪೂರ್ತಿ ಕೇಳಿದರೆ ಜನ ಸುಳ್ಳು ಅಂಕಿ ತುಂಬುತ್ತಾರೆ. ತಪ್ಪಾದ ಹೊತ್ತಿನಲ್ಲಿ ಬಿಗಿ ಮಾಡಿದ್ದರಿಂದಲೇ ನನ್ನ ಡೇಟಾ ಕೆಟ್ಟಿತ್ತು.

ಆಗ ಎರಡು ಬಟನ್ ಮಾಡಿದೆ. ಒಂದು 'ಸದ್ಯಕ್ಕೆ ಇಡಿ', ಇನ್ನೊಂದು 'ಬಿಲ್ ಮಾಡಿ'. ಮೊದಲನೆಯದಕ್ಕೆ ಅರ್ಧ ತುಂಬಿದರೂ ಸಾಕು. ಎರಡನೆಯದಕ್ಕೆ ಎಲ್ಲವೂ ಬೇಕು, ಎಲ್ಲವೂ ಸರಿ ಇರಬೇಕು. ಅಲ್ಲಿಯವರೆಗೆ ನಾನು ವ್ಯಾಲಿಡೇಶನ್ (ತುಂಬಿದ್ದು ಸರಿ ಇದೆಯೇ ಎಂಬ ತಪಾಸಣೆ) ಎಂದರೆ ಫಾರಂಗೆ ಸೇರಿದ್ದು ಎಂದುಕೊಂಡಿದ್ದೆ. ನಿಜಕ್ಕೂ ಅದು ಬಟನ್‌ಗೆ ಸೇರಿದ್ದು. ಯಾವ ಬಟನ್ ಒತ್ತಿದರೋ ಅದಕ್ಕೆ ತಕ್ಕ ತಪಾಸಣೆ ನಡೆಯಬೇಕು.

ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಇದಕ್ಕೆ ಒಂದೇ ಪದ ಸಾಕು. 'ಸದ್ಯಕ್ಕೆ ಇಡಿ' ಬಟನ್‌ಗೆ 'ಫಾರ್ಮ್‌ನೋವ್ಯಾಲಿಡೇಟ್' ಎಂಬ ಆಟ್ರಿಬ್ಯೂಟ್ ಹಾಕಿದೆ. ಆ ಬಟನ್ ಒತ್ತಿದಾಗ ಮಾತ್ರ ಬ್ರೌಸರ್ ತಪಾಸಣೆ ಬಿಟ್ಟುಬಿಡುತ್ತದೆ. ಇಡೀ ಫಾರಂಗೆ 'ನೋವ್ಯಾಲಿಡೇಟ್' ಹಾಕಬೇಡಿ, ಆಗ ಎರಡನೇ ಬಟನ್‌ಗೂ ತಪಾಸಣೆ ಹೋಗುತ್ತದೆ. ಹಿಂದೆ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಕೆಲಸ ಮಾಡಿದವರಿಗೆ 'ಕಾಸಸ್‌ವ್ಯಾಲಿಡೇಶನ್' ನೆನಪಿರಬಹುದು. ಆಲೋಚನೆ ಅದೇ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡು ಅಪ್‌ಡೇಟ್ ಹಾಕಿದೆ. ಮಾರನೇ ದಿನವೇ ಫೋನ್ ಬಂತು. "ಸಾರ್, ಬರೆದಿದ್ದೆಲ್ಲ ಮಾಯ ಆಗ್ತಿದೆ."

ಹೋಗಿ ಅವರ ಪಕ್ಕದಲ್ಲೇ ಕುಳಿತು ನೋಡಿದೆ. ಒಂದು ಗಾಡಿಯಲ್ಲಿ ಎರಡು ಮೂರು ಲಾಟ್ ಬರುತ್ತವೆ, ಅದಕ್ಕೆ ಫಾರಂನಲ್ಲಿ ಒಂದೊಂದು ಲಾಟ್‌ಗೆ ಒಂದೊಂದು ಸಾಲು. ಅಣ್ಣ ಚೀಲದ ಸಂಖ್ಯೆ ಹೊಡೆದರು, ಎಂಟರ್ ಒತ್ತಿದರು. ಆ ಸಾಲೇ ಹೋಯಿತು! ಅವರು ಎಷ್ಟೋ ವರ್ಷದಿಂದ ಟ್ಯಾಲಿ ಬಳಸಿದವರು. ಟ್ಯಾಲಿಯಲ್ಲಿ ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುತ್ತದೆ. ಅವರ ಬೆರಳಿಗೆ ಅದೇ ರೂಢಿ.

ವೆಬ್ ಫಾರಂನಲ್ಲಿ ನಡೆಯುವುದೇ ಬೇರೆ. ಖಾನೆಯೊಳಗೆ ಎಂಟರ್ ಒತ್ತಿದರೆ, ಆ ಫಾರಂನಲ್ಲಿ ಮೊದಲು ಬರುವ ಸಬ್ಮಿಟ್ (ಫಾರಂ ಕಳಿಸುವ) ಬಟನ್ ಅನ್ನು ಒತ್ತಿದ ಹಾಗೆ. ಮೊದಲು ಎಂದರೆ ಪರದೆ ಮೇಲೆ ಎಲ್ಲಿ ಕಾಣುತ್ತದೆ ಎಂದಲ್ಲ, ಎಚ್‌ಟಿಎಂಎಲ್ ಕೋಡ್‌ನಲ್ಲಿ ಯಾವುದು ಮೊದಲು ಎಂದು. ನನ್ನ ಕೋಡ್‌ನಲ್ಲಿ ಮೊದಲು ಇದ್ದದ್ದು ಮೊದಲ ಸಾಲಿನ 'ತೆಗೆ' ಬಟನ್. ಅದಕ್ಕೆ ನಾನು 'ಟೈಪ್' ಬರೆದಿರಲಿಲ್ಲ. ಟೈಪ್ ಬರೆಯದ ಬಟನ್, ಫಾರಂನೊಳಗೆ ಇದ್ದರೆ, ತಾನಾಗಿಯೇ ಸಬ್ಮಿಟ್ ಬಟನ್ ಆಗುತ್ತದೆ. ಹಾಗಾಗಿ ಎಂಟರ್ ಒತ್ತಿದಾಗಲೆಲ್ಲ ಒಂದು ಸಾಲು ಅಳಿಸಿಹೋಗುತ್ತಿತ್ತು.

ಎರಡು ಕೆಲಸ ಮಾಡಿದೆ. ಸಾಲು ಸೇರಿಸುವ, ತೆಗೆಯುವ ಬಟನ್‌ಗಳಿಗೆಲ್ಲ 'ಟೈಪ್' ಜಾಗದಲ್ಲಿ 'ಬಟನ್' ಎಂದೇ ಬರೆದೆ. ಆಮೇಲೆ ಕೋಡ್‌ನಲ್ಲಿ 'ಸದ್ಯಕ್ಕೆ ಇಡಿ' ಮೊದಲು, 'ಬಿಲ್ ಮಾಡಿ' ನಂತರ ಬರುವಂತೆ ಇಟ್ಟೆ. ಈಗ ಎಂಟರ್ ಒತ್ತಿದರೆ ಬರೆದಷ್ಟು ಉಳಿಯುತ್ತದೆ, ಯಾರಿಗೂ ನಷ್ಟ ಇಲ್ಲ. ಯಾವ ಬಟನ್ ತಪ್ಪಿ ಒತ್ತಿದರೂ ತೊಂದರೆ ಇಲ್ಲವೋ ಅದೇ ಮೊದಲಿರಲಿ. ಪುಟದ ಅಂದ ಹೇಳುವ ಸಿಎಸ್‌ಎಸ್‌ನಲ್ಲಿ ಬಟನ್‌ಗಳ ಜಾಗ ಅದಲು ಬದಲು ಮಾಡುವುದು ನನಗೆ ಇಷ್ಟವಿಲ್ಲ. ಟ್ಯಾಬ್ ಒತ್ತಿ ಹೋಗುವವರಿಗೆ ಕಣ್ಣು ಒಂದು ಕಡೆ, ಕರ್ಸರ್ ಒಂದು ಕಡೆ ಆಗುತ್ತದೆ.

ಇನ್ನು ಸರ್ವರ್ ಕಡೆ. ಒತ್ತಿದ ಬಟನ್‌ನ ಹೆಸರು ಮತ್ತು ವ್ಯಾಲ್ಯೂ ಮಾತ್ರ ಸರ್ವರ್‌ಗೆ ಹೋಗುತ್ತದೆ, ಬೇರೆ ಬಟನ್‌ಗಳದು ಹೋಗುವುದಿಲ್ಲ. ಹಾಗಾಗಿ ಎರಡಕ್ಕೂ 'ಕ್ರಿಯೆ' ಎಂಬ ಒಂದೇ ಹೆಸರು ಕೊಟ್ಟು, ವ್ಯಾಲ್ಯೂ ಬೇರೆ ಬೇರೆ ಇಟ್ಟರೆ ಸಾಕು. ಇಲ್ಲಿ ನಾನು ಎಡವಿದ್ದು ಹೀಗೆ. ಮೊದಲು 'ಇನ್‌ಪುಟ್' ಸಬ್ಮಿಟ್ ಬಳಸಿದ್ದೆ. ಅದರಲ್ಲಿ ಪರದೆ ಮೇಲೆ ಕಾಣುವ ಪದವೇ ಸರ್ವರ್‌ಗೆ ಹೋಗುವ ವ್ಯಾಲ್ಯೂ. ಸರ್ವರ್‌ನಲ್ಲಿ 'ಸೇವ್' ಎಂದು ಬಂದರೆ ಡ್ರಾಫ್ಟ್ (ಸದ್ಯಕ್ಕೆ ಇಟ್ಟ ನಮೂದು), ಇಲ್ಲದಿದ್ದರೆ ಬಿಲ್ ಎಂದು ಬರೆದಿದ್ದೆ. ಬಟನ್ ಮೇಲಿನ ಪದವನ್ನು ಕನ್ನಡಕ್ಕೆ ಬದಲಿಸಿದ ದಿನ, ಡ್ರಾಫ್ಟ್‌ಗಳೆಲ್ಲ ಬಿಲ್ ದಾರಿಗೆ ಹೋದವು. ಅಲ್ಲಿ ದರ ಇಲ್ಲ ಎಂದು ಎರರ್ ಬಂದಿದ್ದಕ್ಕೆ ಬಚಾವ್ ಆದೆ. ಕನ್ನಡದಲ್ಲಿ ಆಪ್ ಮಾಡುವವರು ಇದನ್ನು ಖಂಡಿತ ಗಮನಿಸಿ. 'ಬಟನ್' ಟ್ಯಾಗ್ ಬಳಸಿದರೆ ಕಾಣುವ ಪದ ಬೇರೆ, ವ್ಯಾಲ್ಯೂ ಬೇರೆ ಇಡಬಹುದು. ಮತ್ತೆ, ಗೊತ್ತಿಲ್ಲದ ವ್ಯಾಲ್ಯೂ ಬಂದರೆ ಅದನ್ನು ಬಿಲ್ ಎಂದು ತಿಳಿಯಬಾರದು. ನನ್ನ ಕೋಡ್ ಈಗ ಎರಡರಲ್ಲಿ ಒಂದು ಬಂದರೆ ಮಾತ್ರ ಮುಂದೆ ಹೋಗುತ್ತದೆ.

ಬ್ರೌಸರ್‌ನ ತಪಾಸಣೆ ಬರೆಯುವವರಿಗೆ ಅನುಕೂಲ, ಅಷ್ಟೇ. ಅದನ್ನು ಯಾರು ಬೇಕಾದರೂ ದಾಟಬಹುದು. ನಿಜವಾದ ಕಾವಲು ಸರ್ವರ್‌ನಲ್ಲೇ ಇರಬೇಕು. ನಾನು ಜ್ಯಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಬಳಸುತ್ತೇನೆ. ಫಾರಂ ಕ್ಲಾಸ್ ಒಂದೇ, ಅದಕ್ಕೆ 'ಡ್ರಾಫ್ಟ್ ಹೌದಾ' ಎಂಬ ಒಂದು ಫ್ಲ್ಯಾಗ್ (ಹೌದು, ಇಲ್ಲ ಎಂಬ ಗುರುತು) ಕೊಡುತ್ತೇನೆ. ಡ್ರಾಫ್ಟ್ ಆದರೆ ದರ, ಔಟ್‌ಟರ್ನ್, ತೇವಾಂಶ ಕಡ್ಡಾಯ ಅಲ್ಲ. ಬೆಳೆಗಾರರ ಹೆಸರು ಮಾತ್ರ ಯಾವಾಗಲೂ ಬೇಕು. ಹೆಸರೇ ಇಲ್ಲದಿದ್ದರೆ ಸಂಜೆ ಆ ನಮೂದನ್ನು ಹುಡುಕುವುದು ಹೇಗೆ?

ಡ್ರಾಫ್ಟ್ ಎಂದರೆ ಏನು ಬೇಕಾದರೂ ಬರೆಯಬಹುದು ಎಂದಲ್ಲ. ಖಾಲಿ ಇದ್ದರೆ ಬಿಡುತ್ತೇನೆ, ಬರೆದಿದ್ದರೆ ಅದು ಸರಿ ಇರಲೇಬೇಕು. ತೇವಾಂಶ 110 ಎಂದರೆ ಡ್ರಾಫ್ಟ್‌ನಲ್ಲೂ ಒಪ್ಪುವುದಿಲ್ಲ. ಖಾಲಿ ದರ ಡೇಟಾಬೇಸ್‌ನಲ್ಲಿ ಖಾಲಿಯಾಗಿಯೇ ಇರಬೇಕು, ಸೊನ್ನೆ ಆಗಬಾರದು. ಸೊನ್ನೆ ಒಂದು ಅಂಕಿ, ಅದು ಮೊತ್ತಕ್ಕೂ ಸರಾಸರಿಗೂ ಸೇರಿಕೊಳ್ಳುತ್ತದೆ.

ಇಲ್ಲೇ ಒಂದು ಸೂಕ್ಷ್ಮ ಇದೆ. ತೂಕಕ್ಕೆ ನಾನು 'ನಂಬರ್' ಖಾನೆ ಇಟ್ಟಿದ್ದೆ. ಅದರಲ್ಲಿ 'ಸ್ಟೆಪ್' (ಅಂಕಿ ಎಷ್ಟೆಷ್ಟರಂತೆ ಏರಬೇಕು ಎಂಬುದು) ಹೇಳದಿದ್ದರೆ ಪೂರ್ಣ ಸಂಖ್ಯೆ ಮಾತ್ರ ನಡೆಯುತ್ತದೆ, 2110.5 ಹೊಡೆದರೆ ಬ್ರೌಸರ್ ಬೇಡ ಎನ್ನುತ್ತದೆ. ಅದನ್ನು 'ಎನಿ' ಎಂದು ಬದಲಿಸಿ ಸರಿ ಮಾಡಿದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಅಂಥ ಖಾನೆಯಲ್ಲಿ ಕೈ ತಪ್ಪಿ ಎರಡು ಚುಕ್ಕಿ ಬಿದ್ದರೆ, ಬ್ರೌಸರ್ ಅದನ್ನು ಸಂಖ್ಯೆ ಎಂದು ಒಪ್ಪದೆ ಖಾಲಿ ಎಂದು ಕಳಿಸುತ್ತದೆ. 'ಬಿಲ್ ಮಾಡಿ' ಒತ್ತಿದರೆ ತಪ್ಪು ತೋರಿಸಿ ನಿಲ್ಲಿಸುತ್ತದೆ, ಸರಿ. 'ಸದ್ಯಕ್ಕೆ ಇಡಿ' ಒತ್ತಿದರೆ ತಪಾಸಣೆಯೇ ಇಲ್ಲವಲ್ಲ? ತೂಕ ಸದ್ದಿಲ್ಲದೆ ಖಾಲಿಯಾಗಿ ಉಳಿಯುತ್ತದೆ. ಅಷ್ಟೊತ್ತಿಗೆ ಚೀಲಗಳು ಅಟ್ಟಿಯೊಳಗೆ ಸೇರಿರುತ್ತವೆ, ಮತ್ತೆ ತೂಗಲು ಆಗುವುದಿಲ್ಲ. ಅದಕ್ಕೆ ಈಗ ಸಾದಾ ಟೆಕ್ಸ್ಟ್ ಖಾನೆ ಇಟ್ಟು, 'ಇನ್‌ಪುಟ್‌ಮೋಡ್' ಅನ್ನು 'ಡೆಸಿಮಲ್' ಮಾಡಿದ್ದೇನೆ. ಮೊಬೈಲ್‌ನಲ್ಲಿ ಅಂಕಿಯ ಕೀಬೋರ್ಡೇ ಬರುತ್ತದೆ, ಹೊಡೆದದ್ದು ಹೊಡೆದ ಹಾಗೇ ಸರ್ವರ್‌ಗೆ ಬರುತ್ತದೆ. ತಪ್ಪಿದ್ದರೆ ಆ ಖಾನೆಯ ಕೆಳಗೇ ಕನ್ನಡದಲ್ಲಿ ಹೇಳುತ್ತೇನೆ, ಹೊಡೆದದ್ದನ್ನು ಅಳಿಸುವುದಿಲ್ಲ.

ಬಾಡಿಗೆಯ ಖಾನೆಯೂ ಒಂದು ದಿನ ಸತಾಯಿಸಿತು. ಗೋದಾಮಿನ ಲಾರಿ ಕಳಿಸಿದ್ದರೆ ಮಾತ್ರ ಅದು ಬೇಕು, ಇಲ್ಲದಿದ್ದರೆ ಅಡಗಿಸುತ್ತಿದ್ದೆ. ಅಡಗಿದ ಖಾನೆಗೆ 'ರಿಕ್ವೈರ್ಡ್' ಹಾಗೇ ಉಳಿದಿತ್ತು. 'ಬಿಲ್ ಮಾಡಿ' ಒತ್ತಿದರೆ ಬಿಲ್ಲೂ ಇಲ್ಲ, ಎರರೂ ಇಲ್ಲ. ಕಾಣದ ಖಾನೆಯ ಪಕ್ಕ ಬ್ರೌಸರ್ ಸಂದೇಶ ತೋರಿಸುವುದಾದರೂ ಎಲ್ಲಿ? ಅಡಗಿಸುವಾಗ ಜೊತೆಗೆ 'ಡಿಸೇಬಲ್ಡ್' (ನಿಷ್ಕ್ರಿಯ) ಮಾಡಿದರೆ ತಪಾಸಣೆಯಿಂದ ಅದು ಹೊರಗೆ ಹೋಗುತ್ತದೆ.

ಡಿಸೇಬಲ್ಡ್ ಎಂದಾಗ ನೆನಪಾಯಿತು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತದೆ ಎಂದು ಗೊತ್ತಲ್ಲ. ಒತ್ತಿ ಏನೂ ಆಗದಿದ್ದರೆ ಯಾರಾದರೂ ಮತ್ತೊಮ್ಮೆ ಒತ್ತುತ್ತಾರೆ, ಒಂದೇ ಕಾಫಿಗೆ ಎರಡು ಬಿಲ್ ಆಗುತ್ತದೆ. ಸಬ್ಮಿಟ್ ಆಗುವಾಗಲೇ ಬಟನ್ ಡಿಸೇಬಲ್ ಮಾಡಿದೆ. ಆಗ 'ಕ್ರಿಯೆ' ಸರ್ವರ್‌ಗೆ ಬರುವುದೇ ನಿಂತಿತು! ಡಿಸೇಬಲ್ ಆದ ಬಟನ್‌ನ ವ್ಯಾಲ್ಯೂ ಕಳಿಸುವುದಿಲ್ಲ, ಮತ್ತು ಬ್ರೌಸರ್ ಡೇಟಾ ಜೋಡಿಸುವುದು ಸಬ್ಮಿಟ್ ಈವೆಂಟ್ ಮುಗಿದ ಮೇಲೆ. ಈಗ ಬಟನ್ ಮುಟ್ಟುವುದಿಲ್ಲ. ಒಂದು ಫ್ಲ್ಯಾಗ್ ಇಟ್ಟು ಎರಡನೇ ಸಬ್ಮಿಟ್ ತಡೆಯುತ್ತೇನೆ. ಪ್ರತಿ ಫಾರಂಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್‌ನಲ್ಲೂ ನಿಲ್ಲಿಸುತ್ತೇನೆ.

ಜಾವಾಸ್ಕ್ರಿಪ್ಟ್‌ನಿಂದ ಫಾರಂ ಕಳಿಸುವವರಿಗೆ ಒಂದು ಮಾತು. 'ಸಬ್ಮಿಟ್' ಮೆಥಡ್ ಕರೆದರೆ ತಪಾಸಣೆ ನಡೆಯುವುದಿಲ್ಲ, ಸಬ್ಮಿಟ್ ಈವೆಂಟೂ ಬರುವುದಿಲ್ಲ. 'ರಿಕ್ವೆಸ್ಟ್‌ಸಬ್ಮಿಟ್' ಬಳಸಿ, ಯಾವ ಬಟನ್ ಎಂದು ಅದಕ್ಕೆ ಕೊಡಬಹುದು. ಯಾವ ಬಟನ್ ಒತ್ತಿದ್ದು ಎಂದು ತಿಳಿಯಲು ಈವೆಂಟ್‌ನ 'ಸಬ್ಮಿಟರ್' ನೋಡಿ.

ಈಗ ಗೋದಾಮಿನ ಪರದೆ ಮೇಲೆ 'ಬಾಕಿ' ಎಂಬ ಒಂದು ಪಟ್ಟಿ ಇದೆ. 'ಸದ್ಯಕ್ಕೆ ಇಡಿ' ಒತ್ತಿದ್ದೆಲ್ಲ ಅಲ್ಲಿ ಬರುತ್ತದೆ, ಯಾವ ಖಾನೆ ಖಾಲಿ ಇದೆ ಎಂಬುದೂ ಪಕ್ಕದಲ್ಲೇ ಕಾಣುತ್ತದೆ. ಸಂಜೆ ಸಾಹುಕಾರರು ದರ ಹೇಳುತ್ತಾ ಹೋಗುತ್ತಾರೆ, ಅಣ್ಣ ಒಂದೊಂದೇ ತೆರೆದು ದರ ಹೊಡೆದು 'ಬಿಲ್ ಮಾಡಿ' ಒತ್ತುತ್ತಾರೆ. ಪಟ್ಟಿ ಖಾಲಿಯಾದ ಮೇಲೆ ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೊರಡುತ್ತಾರೆ. 1 ರೂಪಾಯಿ ದರದ ಸಾಲು ಆಮೇಲೆ ಒಂದೂ ಬಂದಿಲ್ಲ.